ಯಾವ ವಾರ ಬಿಸಿಲಿರುತ್ತದೆ?

ಪ್ರತಿ ವರ್ಷ ಫೆಬ್ರುವರಿ ಮುಗಿಯುವ ಹೊತ್ತಿಗೆ ಊರಿನಿಂದ ಯಾರಾದರೊಬ್ಬರ ಫೋನ್ ಬರುತ್ತದೆ. ಮಕ್ಕಳ ಪರೀಕ್ಷೆ ಮಾರ್ಚಿನಲ್ಲಿ ಮುಗಿಯುತ್ತದೆ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಶಾಲೆಗೆ ರಜೆ, ಆ ಸೆಕೆಯಿಂದ ಹದಿನೈದು ದಿನವಾದರೂ ತಪ್ಪಿಸಿಕೊಂಡು ಇಂಗ್ಲೆಂಡ್ ನೋಡಿ ಬರೋಣವೆಂದು ಮನೆಯವರೆಲ್ಲ ಕೂತು ತೀರ್ಮಾನಿಸಿರುತ್ತಾರೆ. ವೀಸಾ, ಟಿಕೆಟ್, ಉಳಿಯುವ ಜಾಗ ಎಲ್ಲದರ ಮಾತೂ ಮುಗಿದ ಮೇಲೆ ಆ ಪ್ರಶ್ನೆ ಬರುತ್ತದೆ: “ಯಾವ ವಾರ ಬಂದರೆ ಬಿಸಿಲಿರುತ್ತದೆ, ಸ್ವಲ್ಪ ನೋಡಿ ಹೇಳಪ್ಪ.” ಹಾಸನದ ಚಿಕ್ಕಪ್ಪ ಕೇಳಿದ್ದಾರೆ, ಮೈಸೂರಿನ ಅತ್ತಿಗೆ ಕೇಳಿದ್ದಾರೆ, ಜೊತೆಯಲ್ಲಿ ಓದಿದ ಗೆಳೆಯರೂ ಕೇಳಿದ್ದಾರೆ. ಲಂಡನ್ನಿನ ಪಶ್ಚಿಮಕ್ಕಿರುವ ರೆಡಿಂಗ್ ಊರಿನಲ್ಲಿ ಹನ್ನೆರಡು ವರ್ಷಗಳಿಂದ ವಾಸವಾಗಿರುವವನಿಗೆ ಇಷ್ಟು ತಿಳಿದಿರಬೇಕೆಂದು ಅವರು ಎಣಿಸುವುದು ಸಹಜವೇ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ತಿಂಗಳು ಮುಂಚಿತವಾಗಿ ವಾರವನ್ನು ಹೇಳಲು ನನ್ನಿಂದಾಗದು, ಇಲ್ಲಿನ ಹವಾಮಾನ ಇಲಾಖೆಯಿಂದಲೂ ಆಗದು. ಆದರೆ ನೀವು ಬಂದಿಳಿದ ಮೇಲೆ, ಮುಂದಿನ ನಾಲ್ಕೈದು ದಿನಗಳಲ್ಲಿ ಯಾವುದು ಒಳ್ಳೆಯ ದಿನ ಎಂಬುದನ್ನು ಸಾಕಷ್ಟು ಭರವಸೆಯಿಂದ ಹೇಳಬಹುದು. ಆದ್ದರಿಂದ ಟಿಕೆಟ್ಟನ್ನು ನಿಮಗೆ ಅನುಕೂಲವಾದ ವಾರಕ್ಕೆ ತೆಗೆಸಿರಿ, ಬಂದ ಮೇಲೆ ಯಾವ ದಿನ ಎಲ್ಲಿಗೆ ಹೋಗುವುದೆಂಬುದನ್ನು ಮಾತ್ರ ಊರಿನಲ್ಲೇ ಕೂತು ಗಟ್ಟಿಮಾಡಿಕೊಳ್ಳಬೇಡಿರಿ.

ನಮ್ಮ ಊರಿನವರಿಗೆ ಈ ಉತ್ತರ ವಿಚಿತ್ರವಾಗಿ ಕೇಳಿಸುವುದಕ್ಕೆ ಕಾರಣವಿದೆ. ನಮ್ಮದು ಪಂಚಾಂಗ ನೋಡಿ ಮಳೆ ಎಣಿಸುವ ನಾಡು. ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಎಂದು ಮಳೆಗೂ ಹೆಸರಿದೆ, ತಾರೀಖಿದೆ, ಗಾದೆಯಿದೆ. ಮುಂಗಾರು ಒಂದು ವಾರ ಹಿಂದುಮುಂದಾದರೂ ಜೂನ್ ಹೊತ್ತಿಗೆ ಬಂದೇ ಬರುತ್ತದೆ, ಜನವರಿಯಲ್ಲಿ ಮದುವೆಯ ಚಪ್ಪರ ಹಾಕುವವರು ಆಕಾಶದತ್ತ ತಲೆಯೆತ್ತಿಯೂ ನೋಡುವುದಿಲ್ಲ. ಬ್ರಿಟನ್ನಿನಲ್ಲಿ ಅಂಥ ಮಳೆಗಾಲವೂ ಇಲ್ಲ, ಮಳೆಯಿಲ್ಲದ ಕಾಲವೂ ಇಲ್ಲ. ಹನ್ನೆರಡು ತಿಂಗಳೂ ಮಳೆ ಬರುತ್ತದೆ, ಹನ್ನೆರಡು ತಿಂಗಳೂ ಬಿಡುತ್ತದೆ. ಈ ದ್ವೀಪದ ಒಂದು ಪಕ್ಕದಲ್ಲಿ ಅಟ್ಲಾಂಟಿಕ್ ಸಾಗರ, ಇನ್ನೊಂದು ಪಕ್ಕದಲ್ಲಿ ಯುರೋಪಿನ ವಿಶಾಲ ನೆಲ, ಉತ್ತರಕ್ಕೆ ಹಿಮಪ್ರದೇಶ. ಮೇಲೆ ಸುಮಾರು ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸವಾಗಿ ಬೀಸುವ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊಳೆ ಹಾವಿನಂತೆ ಬಳುಕುತ್ತ ಹರಿಯುತ್ತದೆ. ಅದು ನೇರವಾಗಿ ದ್ವೀಪದ ಮೇಲೆ ಹಾಯ್ದರೆ ಅಟ್ಲಾಂಟಿಕ್ಕಿನ ವಾಯುಭಾರ ಕುಸಿತಗಳು ಒಂದರ ಹಿಂದೊಂದು ಮಳೆ ಹೊತ್ತು ತರುತ್ತವೆ. ಅದು ಉತ್ತರಕ್ಕೆ ಸರಿದು ಡೊಂಕಾದರೆ ಅಧಿಕ ಒತ್ತಡದ ವಲಯವೊಂದು ಇಲ್ಲಿ ಬಂದು ಕೂತು, ಏಳೆಂಟು ದಿನ ಆಕಾಶ ತೊಳೆದಿಟ್ಟಂತೆ ನೀಲಿಯಾಗಿರುತ್ತದೆ. ಆ ಡೊಂಕು ಯಾವ ವಾರ ಎಲ್ಲಿ ಬೀಳುತ್ತದೆ ಎಂಬುದನ್ನು ಎರಡು ತಿಂಗಳು ಮೊದಲು ಹೇಳುವ ವಿದ್ಯೆ ಇನ್ನೂ ಯಾರ ಕೈಗೂ ಸಿಕ್ಕಿಲ್ಲ.

ಅದರ ಪರಿಣಾಮ ಎಷ್ಟೆಂಬುದಕ್ಕೆ ಕೆಲವು ವರ್ಷಗಳನ್ನು ನೆನೆಯಬಹುದು. 2012ರ ಏಪ್ರಿಲಿನಲ್ಲಿ, ಬರಗಾಲವೆಂದು ತೋಟಕ್ಕೆ ಪೈಪಿನಿಂದ ನೀರು ಬಿಡುವುದನ್ನು ದಕ್ಷಿಣ ಇಂಗ್ಲೆಂಡಿನಲ್ಲಿ ನಿಷೇಧಿಸಿದ್ದ ಹೊತ್ತಿಗೇ, ತಿಂಗಳಿಡೀ ಮಳೆ ಹುಯ್ಯಿತು. 2020ರ ವಸಂತ ಅಲ್ಲಿಯವರೆಗಿನ ದಾಖಲೆಗಳಲ್ಲೇ ಅತ್ಯಂತ ಹೆಚ್ಚು ಬಿಸಿಲು ಕಂಡ ವಸಂತವಾಗಿತ್ತು, ಆದರೆ ಕೊರೊನಾದ ಲಾಕ್‌ಡೌನ್ ಇದ್ದುದರಿಂದ ನಾವು ಅದನ್ನು ಬಹುಮಟ್ಟಿಗೆ ಕಿಟಕಿಯಿಂದಲೇ ನೋಡಿದೆವು. 2025ರ ವಸಂತ ಆ ದಾಖಲೆಯನ್ನೂ ಮುರಿದು 650 ಗಂಟೆಗೂ ಹೆಚ್ಚು ಬಿಸಿಲು ಕೊಟ್ಟಿತು. ಆ ವರ್ಷ ಮೇ 1ರಂದು ಲಂಡನ್ನಿನ ಕ್ಯೂ ಉದ್ಯಾನದಲ್ಲಿ ತಾಪಮಾನ 29.3 ಡಿಗ್ರಿಗೆ ಏರಿತ್ತು. ಇದಕ್ಕೆ ವಿರುದ್ಧವಾದ ತುದಿಯೂ ಇದೆ. 1975ರ ಜೂನ್ 2ರಂದು, ಲೆಕ್ಕದ ಪ್ರಕಾರ ಬೇಸಿಗೆಯೇ ಆರಂಭವಾಗಿದ್ದಾಗ, ಬಕ್ಸ್‌ಟನ್ನಿನಲ್ಲಿ ಡರ್ಬಿಶೈರ್ ಮತ್ತು ಲ್ಯಾಂಕಶೈರ್ ತಂಡಗಳು ಆಡುತ್ತಿದ್ದ ಕ್ರಿಕೆಟ್ ಪಂದ್ಯದ ಮೈದಾನದ ಮೇಲೆ ಹಿಮ ಬಿದ್ದು ಆ ದಿನದ ಆಟವೇ ನಿಂತುಹೋಯಿತು.

ಇನ್ನೊಂದು ಮಾತು ಹೇಳಲೇಬೇಕು. ಕನ್ನಡದ ಬಿಸಿಲು ಎಂಬ ಪದದಲ್ಲೇ ಬಿಸಿ ಸೇರಿಕೊಂಡಿದೆ. ಇಲ್ಲಿನ ವಸಂತದಲ್ಲಿ ಇವೆರಡೂ ಬೇರೆಯಾಗುತ್ತವೆ. ಚಳಿಗಾಲವಿಡೀ ತಣ್ಣಗಾದ ಸಮುದ್ರ ಮಾರ್ಚ್‌, ಏಪ್ರಿಲ್ ವೇಳೆಗೆ ವರ್ಷದಲ್ಲೇ ಅತ್ಯಂತ ತಂಪಾದ ಸ್ಥಿತಿಯಲ್ಲಿರುತ್ತದೆ, ಪೂರ್ವದಿಂದ ಗಾಳಿ ಬೀಸಿದರೆ ಆ ತಂಪನ್ನೇ ಹೊತ್ತು ತರುತ್ತದೆ. ಕಣ್ಣು ಕೋರೈಸುವ ಬೆಳಕಿದ್ದರೂ ಮರದ ನೆರಳಿಗೆ ಸರಿದ ಕೂಡಲೇ ಮೈ ನಡುಗುತ್ತದೆ. ಪೂರ್ವ ಕರಾವಳಿಯಲ್ಲಿ ಇಂಥ ದಿನಗಳಂದು ಸಮುದ್ರದ ಮೇಲಿನಿಂದ ದಟ್ಟ ಮಂಜು ಬಂದು ದಡದ ಊರುಗಳನ್ನು ಮುಚ್ಚಿಬಿಡುತ್ತದೆ. ಸ್ಕಾಟ್ಲೆಂಡಿನವರು ಅದನ್ನು ಹಾರ್ ಎನ್ನುತ್ತಾರೆ, ಇಂಗ್ಲೆಂಡಿನ ಈಶಾನ್ಯದವರು ಫ್ರೆಟ್ ಎನ್ನುತ್ತಾರೆ. ಎಡಿನ್‌ಬರೊ ಹೀಗೆ ಮಂಜಿನಲ್ಲಿ ಮುಳುಗಿರುವಾಗ ಒಂದು ಗಂಟೆಯ ದಾರಿಯ ಗ್ಲ್ಯಾಸ್ಗೊದಲ್ಲಿ ಜನ ಹುಲ್ಲಿನ ಮೇಲೆ ಕೂತು ಬಿಸಿಲು ಕಾಯಿಸುತ್ತಿರುವುದುಂಟು. ಆದ್ದರಿಂದ ಮುನ್ಸೂಚನೆಯಲ್ಲಿ ಸೂರ್ಯನ ಚಿತ್ರ ಕಂಡರೆ ಸಾಲದು, ಗಾಳಿಯ ದಿಕ್ಕನ್ನೂ ನೋಡಬೇಕು ಎಂದು ಬರುವವರಿಗೆಲ್ಲ ಹೇಳುತ್ತೇನೆ.

ಹಾಗಾದರೆ ಆ ಮುನ್ಸೂಚನೆಯನ್ನು ನಂಬಬಹುದೇ ಎಂದು ಚಿಕ್ಕಪ್ಪ ಮರುಪ್ರಶ್ನೆ ಹಾಕುತ್ತಾರೆ. ನಂಬಬಹುದು, ಅದು ಏನನ್ನು ಹೇಳುತ್ತಿದೆ ಎಂಬುದನ್ನು ತಿಳಿದು ನಂಬಬೇಕು. ಇದನ್ನು ಆರಂಭಿಸಿದವರು ರಾಬರ್ಟ್ ಫಿಟ್ಜ್‌ರಾಯ್, ಚಾರ್ಲ್ಸ್ ಡಾರ್ವಿನ್ ಪ್ರಯಾಣ ಮಾಡಿದ ಬೀಗಲ್ ಹಡಗಿನ ಕಪ್ತಾನರು. 1854ರಲ್ಲಿ ಸ್ಥಾಪನೆಯಾದ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥರೂ ಅವರೇ. 1859ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾದಿಂದ ಲಿವರ್‌ಪೂಲಿಗೆ ಮರಳುತ್ತಿದ್ದ ರಾಯಲ್ ಚಾರ್ಟರ್ ಎಂಬ ಹಡಗು ವೇಲ್ಸಿನ ಕರಾವಳಿಯಲ್ಲಿ, ಇನ್ನೇನು ಮನೆ ಸೇರಿದೆವು ಎನ್ನುವಷ್ಟರಲ್ಲಿ, ಬಿರುಗಾಳಿಗೆ ಸಿಕ್ಕಿ ಒಡೆದು ನಾನೂರಕ್ಕೂ ಹೆಚ್ಚು ಜನ ಸತ್ತರು. ಅದಾದ ಮೇಲೆ ಫಿಟ್ಜ್‌ರಾಯ್ ತಂತಿಯ ಮೂಲಕ ಊರೂರಿನ ವಾಯುಭಾರದ ಅಳತೆ ತರಿಸಿಕೊಂಡು 1861ರಲ್ಲಿ ಬಂದರುಗಳಿಗೆ ಬಿರುಗಾಳಿಯ ಎಚ್ಚರಿಕೆ ಕಳಿಸತೊಡಗಿದರು, ಅದೇ ವರ್ಷ ಆಗಸ್ಟಿನಿಂದ ಪತ್ರಿಕೆಯಲ್ಲಿ ನಾಳೆಯ ಹವೆಯನ್ನು ಪ್ರಕಟಿಸಿದರು. ತಾವು ಹೇಳುತ್ತಿರುವುದು ಭವಿಷ್ಯವಾಣಿಯಲ್ಲ, ಅಳತೆ ಮತ್ತು ಲೆಕ್ಕದಿಂದ ಮೂಡಿದ ಅಭಿಪ್ರಾಯ ಎಂದು ಅವರು ಸ್ಪಷ್ಟಪಡಿಸಿ, ಅದಕ್ಕೆ ಫೋರ್‌ಕಾಸ್ಟ್ ಎಂಬ ಪದವನ್ನು ಬಳಕೆಗೆ ತಂದರು. ನಮ್ಮ ಮುನ್ಸೂಚನೆ ಎಂಬ ಪದವೂ ಅಷ್ಟೇ ವಿನಯದ್ದು. ಅದು ಸೂಚಿಸುತ್ತದೆ, ಆಣೆ ಮಾಡುವುದಿಲ್ಲ. ತಪ್ಪಾದ ದಿನಗಳಂದು ಅವರು ಪಟ್ಟ ಟೀಕೆ ಬಹಳ, ಬದುಕಿನ ಕೊನೆಯೂ ದುಃಖದ್ದು. 2002ರಲ್ಲಿ ಹಡಗುಗಳಿಗಾಗಿ ರೇಡಿಯೋದಲ್ಲಿ ಓದುವ ಮುನ್ಸೂಚನೆಯ ಒಂದು ಸಮುದ್ರವಲಯಕ್ಕೆ ಅವರ ಹೆಸರಿಟ್ಟರು. ಆ ಹೆಸರನ್ನು ಕೇಳಿದಾಗಲೆಲ್ಲ ನನಗೆ ಗೌರವ ಮೂಡುತ್ತದೆ.

ಲೆಕ್ಕದ ಭಾಗ ಇನ್ನೂ ದೊಡ್ಡ ಕಥೆ. ಲೂಯಿಸ್ ಫ್ರೈ ರಿಚರ್ಡ್‌ಸನ್ ಎಂಬ ವಿಜ್ಞಾನಿ ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದ ಬಳಿ ಗಾಯಾಳುಗಳ ಆಂಬುಲೆನ್ಸ್ ನಡೆಸುತ್ತ, ಬಿಡುವಿನ ವೇಳೆಯಲ್ಲಿ 1910ರ ಮೇ 20ರ ಒಂದು ವಸಂತದ ದಿನದ ಹವೆಯನ್ನು ಸಮೀಕರಣಗಳಿಂದ ಕೈಯಲ್ಲೇ ಲೆಕ್ಕ ಹಾಕಿದರು. ಆರು ಗಂಟೆಗಳಲ್ಲಿ ವಾಯುಭಾರ 145 ಮಿಲಿಬಾರ್ ಬದಲಾಗುತ್ತದೆಂದು ಉತ್ತರ ಬಂತು. ನಿಜವಾಗಿ ಆ ದಿನ ಅದು ಹೆಚ್ಚುಕಡಿಮೆ ಕದಲಿರಲಿಲ್ಲ. ಆದರೂ ಅವರು ಅದನ್ನು ಮುಚ್ಚಿಡದೆ 1922ರಲ್ಲಿ ಪ್ರಕಟಿಸಿದರು, ಇವತ್ತಿನ ಸೂಪರ್ ಕಂಪ್ಯೂಟರ್‌ಗಳು ಹಿಡಿದಿರುವುದು ಅವರು ತೋರಿದ ದಾರಿಯನ್ನೇ. ಮೂವತ್ತು ವರ್ಷಗಳ ಹಿಂದೆ ನಾಳೆಯ ಬಗ್ಗೆ ಎಷ್ಟು ಸರಿಯಾಗಿ ಹೇಳುತ್ತಿದ್ದರೋ ಈಗ ನಾಲ್ಕನೆಯ ದಿನದ ಬಗ್ಗೆ ಅಷ್ಟೇ ಸರಿಯಾಗಿ ಹೇಳುತ್ತಾರೆ. ನಮ್ಮ ರೆಡಿಂಗಿನಲ್ಲೇ ಯುರೋಪಿನ ಹಲವು ದೇಶಗಳು ಸೇರಿ ಕಟ್ಟಿದ ಮುನ್ಸೂಚನಾ ಕೇಂದ್ರವಿದೆ. ಅಲ್ಲಿನವರು ಆರಂಭದ ಅಳತೆಗಳನ್ನು ಕೂದಲೆಳೆಯಷ್ಟು ಬದಲಿಸಿ ಒಂದೇ ಲೆಕ್ಕವನ್ನು ಐವತ್ತು ಸಲ ಮಾಡುತ್ತಾರೆ. ಐವತ್ತೂ ಉತ್ತರಗಳು ಒಂದೇ ಕಡೆ ಬಿದ್ದರೆ ಭರವಸೆ ಹೆಚ್ಚು, ದಿಕ್ಕಾಪಾಲಾದರೆ ಕಡಿಮೆ. ನಿಮ್ಮ ಫೋನಿನಲ್ಲಿ ಮಳೆಯ ಪಕ್ಕ ಕಾಣುವ ಶೇಕಡಾ 30 ಎಂಬಂಥ ಸಂಖ್ಯೆ ಬರುವುದು ಇಂಥ ಲೆಕ್ಕಗಳಿಂದ. ಇವತ್ತಿನಂಥ ಹತ್ತು ದಿನಗಳಿದ್ದರೆ ಮೂರರಲ್ಲಿ ಆ ಗಂಟೆಗೆ ಮಳೆ ಬಂದೀತು ಎಂಬುದು ಅದರ ಅರ್ಥ; ಊರಿನ ಹತ್ತರಲ್ಲಿ ಮೂರು ಭಾಗ ನೆನೆಯುತ್ತದೆಂದಲ್ಲ, ಸ್ವಲ್ಪವೇ ಹನಿಯುತ್ತದೆಂದೂ ಅಲ್ಲ.

ಏಪ್ರಿಲಿನ ತುಂತುರುಗಳ ಬಗೆಗೂ ಹೇಳಬೇಕು, ಏಕೆಂದರೆ ಅದು ನಮಗೆ ಪರಿಚಿತವಾದ ಸಂಗತಿ. ಊರಿನಲ್ಲಿ ಬೆಳಗಿನಿಂದ ಕಾದ ನೆಲ ಮಧ್ಯಾಹ್ನಕ್ಕೆ ಮೋಡ ಕಟ್ಟಿ ಸಂಜೆಗೆ ಗುಡುಗುತ್ತ ಮಾವಿನ ಮಳೆ ಸುರಿಸುತ್ತದಲ್ಲ, ಇಲ್ಲಿಯೂ ನಡೆಯುವುದು ಅದೇ. ಬಿಸಿಲಿಗೆ ನೆಲ ಬೆಚ್ಚಗಾಗುತ್ತದೆ, ಮೇಲೆ ಉತ್ತರದಿಂದ ಬಂದ ಥಂಡಿ ಗಾಳಿಯಿರುತ್ತದೆ, ಕೆಳಗಿನ ಗಾಳಿ ಮೇಲೆದ್ದು ಮೋಡವಾಗಿ ಹತ್ತು ನಿಮಿಷ ಸುರಿದು, ಕೆಲವೊಮ್ಮೆ ಆಲಿಕಲ್ಲನ್ನೂ ಉದುರಿಸಿ, ಮತ್ತೆ ಬಿಸಿಲು. ಅಂಥ ದಿನಗಳಲ್ಲಿ ಮುನ್ಸೂಚನೆ ತಪ್ಪಿತೆಂದು ದೂರುವವರಿದ್ದಾರೆ, ನಾನು ಒಪ್ಪುವುದಿಲ್ಲ. ಕುದಿಯುವ ನೀರಿನಲ್ಲಿ ಮುಂದಿನ ಗುಳ್ಳೆ ಎಲ್ಲಿ ಏಳುತ್ತದೆಂದು ಯಾರೂ ಹೇಳಲಾರರು. ಬೆಳಗ್ಗೆ ಬೇಗ ಹೊರಟು, ಐದೈದು ನಿಮಿಷಕ್ಕೆ ಹೊಸದಾಗುವ ರಾಡಾರ್ ಚಿತ್ರವನ್ನು ನೋಡಿಕೊಂಡು, ಮೋಡ ಕಟ್ಟುವ ಹೊತ್ತಿಗೆ ಒಂದು ಸೂರಿನ ಕೆಳಗಿದ್ದರೆ ಆ ದಿನವೂ ಸುಂದರವೇ.

ಎರಡು ವರ್ಷದ ಹಿಂದೆ ದೊಡ್ಡಮ್ಮ ಏಪ್ರಿಲ್ ಕೊನೆಯ ವಾರ ಬಂದಿದ್ದರು. ಮೊದಲ ಮೂರು ದಿನ ಮೋಡ, ಜಿನುಗು, ತಂಪು ಗಾಳಿ. ಸೋಮವಾರ ರಾತ್ರಿ ನೋಡಿದಾಗ ಗುರುವಾರಕ್ಕೆ ಅಧಿಕ ಒತ್ತಡ ದಕ್ಷಿಣದಿಂದ ಏರಿ ಬರುವಂತೆ ಕಂಡಿತು. ಮಂಗಳವಾರವೂ ಹಾಗೆಯೇ ಇತ್ತು. ಬುಧವಾರ ಬೆಳಗ್ಗೆ ಎಲ್ಲ ಲೆಕ್ಕಗಳೂ ಒಂದೇ ಮಾತು ಹೇಳುತ್ತಿದ್ದವು. ಅಂದೇ ಕಚೇರಿಗೆ ರಜೆ ಬರೆದುಕೊಟ್ಟು, ಗುರುವಾರಕ್ಕೆಂದು ಇಟ್ಟುಕೊಂಡಿದ್ದ ಮ್ಯೂಸಿಯಮ್ಮಿನ ಭೇಟಿಯನ್ನು ಶನಿವಾರಕ್ಕೆ ತಳ್ಳಿ, ಬುತ್ತಿಗೆ ಚಿತ್ರಾನ್ನ ಕಲೆಸಿಕೊಂಡು ಹೆನ್ಲಿಯ ಬಳಿಯ ಗ್ರೇಸ್ ಕೋರ್ಟ್ ತೋಟದ ಕಾಡಿಗೆ ಹೋದೆವು. ಬೀಚ್ ಮರಗಳು ಆಗಷ್ಟೇ ಎಳೆಯ ಎಲೆ ಬಿಚ್ಚಿದ್ದವು. ಎಲೆ ಬಲಿತು ನೆರಳು ಮುಚ್ಚುವ ಮೊದಲೇ ಅರಳಿ ಮುಗಿಸಬೇಕಾದ ಬ್ಲೂಬೆಲ್ ಹೂಗಳು ಕಾಡಿನ ನೆಲವನ್ನು ಕಣ್ಣು ಹಾಯುವಷ್ಟು ದೂರ ನೇರಳೆ ನೀಲಿಯಿಂದ ತುಂಬಿದ್ದವು. ಪ್ರಪಂಚದ ಬ್ಲೂಬೆಲ್‌ಗಳಲ್ಲಿ ಸುಮಾರು ಅರ್ಧದಷ್ಟು ಈ ದ್ವೀಪದಲ್ಲೇ ಇವೆ. ದೊಡ್ಡಮ್ಮ ಬೆಂಚಿನ ಮೇಲೆ ಕೂತು ಶಾಲನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು, ಬಂದ ಮೇಲೆ ಮೊದಲ ಸಲ. ಸಂಜೆ ಎಂಟಾದರೂ ಬೆಳಕಿದ್ದುದನ್ನು ಕಂಡು, ದೀಪ ಹಚ್ಚುವ ಹೊತ್ತು ಇಲ್ಲಿ ಯಾವುದು ಎಂದು ಕೇಳಿದರು.

ಈ ಹೂವು ಮತ್ತು ಈ ಬೆಳಕು ಇವೆರಡೇ ನಾನು ಫೆಬ್ರುವರಿಯಲ್ಲೇ ಮಾತು ಕೊಡಬಹುದಾದ ಸಂಗತಿಗಳು. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮುಳುಗುತ್ತಿದ್ದ ಲಂಡನ್ನಿನ ಸೂರ್ಯ, ಮಾರ್ಚ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟ ಮೇಲೆ, ಏಳೂವರೆಯವರೆಗೆ ಇರುತ್ತಾನೆ, ಮೇ ಮುಗಿಯುವಷ್ಟರಲ್ಲಿ ಒಂಬತ್ತರವರೆಗೆ. ಹೂಗಳ ತಾರೀಖು ವಾರವೊಂದರಷ್ಟು ಅತ್ತಿತ್ತ ಆಗುತ್ತದೆ. ನಾರ್ಫಕ್ಕಿನ ರಾಬರ್ಟ್ ಮಾರ್ಷಮ್ ಎಂಬವರು 1736ರಲ್ಲಿ ವಸಂತದ ಮೊದಲ ಚಿಗುರು, ಮೊದಲ ಹೂವು, ಮೊದಲ ಹಕ್ಕಿಯ ದಿನಗಳನ್ನು ಬರೆದಿಡಲು ತೊಡಗಿ, ಅವರ ವಂಶದವರು ಇನ್ನೂರು ವರ್ಷಕ್ಕೂ ಮಿಕ್ಕಿ ಅದನ್ನು ಮುಂದುವರಿಸಿದ್ದರಿಂದ ಈ ಏರುಪೇರು ನಮಗೆ ತಿಳಿದಿದೆ.

ಆದ್ದರಿಂದ ಈ ವರ್ಷ ಕೇಳಿದ ಅತ್ತಿಗೆಗೆ ಹೇಳಿದ್ದು ಇಷ್ಟು. ಏಪ್ರಿಲ್ ಕೊನೆಯ ವಾರದಿಂದ ಮೇ ಎರಡನೆಯ ವಾರದೊಳಗೆ ಬನ್ನಿ, ಕಡಿಮೆಯೆಂದರೆ ಹತ್ತು ದಿನ ಇರಿ. ಒಬ್ಬೊಬ್ಬರಿಗೆ ಒಂದು ಸ್ವೆಟರ್, ಗಾಳಿ ತಡೆಯುವ ಒಂದು ಜಾಕೆಟ್ ಇರಲಿ. ಇಲ್ಲಿನ ಗಾಳಿಗೆ ಕೊಡೆ ನಿಲ್ಲುವುದಿಲ್ಲ. ಮಕ್ಕಳಿಗೆ ಪರಾಗದಿಂದ ಸೀನು ಬರುವುದಿದ್ದರೆ ಮಾತ್ರೆ ತನ್ನಿ, ಆ ವೇಳೆಗೆ ಬರ್ಚ್ ಮರಗಳ ಪರಾಗ ಗಾಳಿಯಲ್ಲಿರುತ್ತದೆ. ಅರಮನೆ, ಮ್ಯೂಸಿಯಂ ಯಾವುದಕ್ಕೂ ದಿನ ಗೊತ್ತುಮಾಡಬೇಡಿ. ನೀವು ಬಂದ ದಿನ ರಾತ್ರಿ ಊಟವಾದ ಮೇಲೆ ಎಲ್ಲರೂ ಕೂತು ಮುಂದಿನ ಐದು ದಿನದ ಪಟ ನೋಡೋಣ, ಕಾಡಿಗೆ ಯಾವ ದಿನ ಎಂಬುದನ್ನು ಆಗ ಹೇಳುತ್ತೇನೆ.