ಕಪ್ಪು ಊರಿನ ಬಿಳಿ ಸಿನಗಾಗ್

ಶನಿವಾರ, 23 ಮಾರ್ಚ್ 2019

ಇವತ್ತು ರಜೆ. ಇಲ್ಲಿ ಇಸ್ರೇಲಿನಲ್ಲಿ ಕೆಲಸಕ್ಕಿರುವ ಮಂಗಳೂರಿನ ನಾವು ಕೆಲವರು ವ್ಯಾನ್ ಮಾಡಿಕೊಂಡು ಗಲಿಲಾಯ ಸರೋವರದ ದಡದ ಕಪೆರ್ನೌಮಿಗೆ ಹೋಗಿದ್ದೆವು. ಯೇಸುವಿನ ಶಿಷ್ಯ ಸಂತ ಪೇತ್ರರ ಮನೆಯ ಜಾಗದಲ್ಲಿ ಪ್ರಾರ್ಥನೆ ಮುಗಿಸಿ, ಉಳಿದ ಹೊತ್ತೆಲ್ಲ ಪಕ್ಕದ ಹಳೇ ಸಿನಗಾಗಿನಲ್ಲೇ, ಅಂದರೆ ಯೆಹೂದ್ಯರ ಪ್ರಾರ್ಥನಾ ಮಂದಿರದಲ್ಲೇ, ಕಳೆದೆ.

ಊರೆಲ್ಲ ಕಪ್ಪು. ಬಸಾಲ್ಟ್ ಕಲ್ಲು ಇಲ್ಲಿ ಕಾಲಡಿಯಲ್ಲೇ ಸಿಗುತ್ತದೆ. ಮನೆಗಳ ಗೋಡೆ, ಬೀಸುವ ಕಲ್ಲು ಎಲ್ಲಾ ಅದರದ್ದೇ. ಸಿನಗಾಗ್ ಮಾತ್ರ ಬಿಳಿ ಸುಣ್ಣಕಲ್ಲಿನದು. ಅದನ್ನು ಬೇರೆ ಕಡೆಯಿಂದ ಹೊತ್ತು ತರಬೇಕಿತ್ತು. ನಮ್ಮಲ್ಲಿ ಮುರಕಲ್ಲಿನ ಮನೆಗಳ ನಡುವೆ ಕಾರ್ಕಳದ ಕರಿಕಲ್ಲು ತರಿಸಿ ಗುಡಿ ಕಟ್ಟಿದ ಹಾಗೆ.

ಮುಂಬಾಗಿಲು ಮೂರು. ಮೂರೂ ದಕ್ಷಿಣಕ್ಕೆ, ಜೆರುಸಲೇಮಿನ ಕಡೆಗೆ. ಅಂದರೆ ಒಳಗೆ ಬರುವವರ ಬೆನ್ನು ಜೆರುಸಲೇಮಿಗೆ! ಯೆಹೂದ್ಯರು ಪ್ರಾರ್ಥಿಸುವುದು ಜೆರುಸಲೇಮಿನ ಕಡೆ ಮುಖ ಮಾಡಿ, ಹಾಗಾಗಿ ಬಂದ ಮೇಲೆ ತಿರುಗಿ ನಿಂತೇ ಪ್ರಾರ್ಥಿಸಬೇಕು. ನಡುಬಾಗಿಲಿನ ಎರಡೂ ಪಕ್ಕ, ಒಳಗೆ, ಎತ್ತರದ ಕಟ್ಟೆಗಳ ಗುರುತಿದೆ. ಅವರ ಧರ್ಮಗ್ರಂಥವಾದ ತೋರಾದ ಸುರುಳಿಗಳಿಗೆ ಅಲ್ಲೇ ಜಾಗ ಇದ್ದಿರಬೇಕು ಎನ್ನುತ್ತಾರೆ. ಪಕ್ಕದ ಗೋಡೆಗಳ ಉದ್ದಕ್ಕೂ ಮೆಟ್ಟಿಲಿನಂಥ ಕಲ್ಲುಬೆಂಚು. ಕೂತವರಿಗೆ ಎದುರು ಸಾಲಿನವರ ಮುಖ ಕಾಣುತ್ತದೆ. ನನಗೆ ಈ ಏರ್ಪಾಡು ತುಂಬಾ ಹಿಡಿಸಿತು.

"ಯೇಸು ಬೋಧಿಸಿದ್ದು ಇಲ್ಲೇ ಅಲ್ವಾ?" ಎಂದು ಜೊತೆಗಿದ್ದ ಅಕ್ಕ ಕೇಳಿದರು. ಈ ಬಿಳಿ ಕಟ್ಟಡದಲ್ಲಿ ಅಲ್ಲ. ಕೆತ್ತನೆಯ ಶೈಲಿ ನೋಡಿ ಮೊದಲು ಇದನ್ನು 2-3ನೇ ಶತಮಾನದ್ದು ಎಂದಿದ್ದರು. 1968ರಿಂದ ಕೊರ್ಬೊ ಮತ್ತು ಲೊಫ್ರೆಡಾ ಎಂಬ ಫ್ರಾನ್ಸಿಸ್ಕನ್ ಪಾದ್ರಿಗಳು ನೆಲದ ಕೆಳಗೆ ಅಗೆದಾಗ ಸಾವಿರಾರು ನಾಣ್ಯ ಸಿಕ್ಕವು. 4-5ನೇ ಶತಮಾನದವೂ ಅದರಲ್ಲಿದ್ದವು. ಕಟ್ಟಡ ಅದಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ. ಬಿಳಿ ಗೋಡೆಯ ಅಡಿಯಲ್ಲಿ ಕಾಣುವ ಕಪ್ಪು ಗೋಡೆಯೇ ಯೇಸುವಿನ ಕಾಲದ ಸಿನಗಾಗಿನದು ಎಂದು ಆ ಪಾದ್ರಿಗಳು ಹೇಳಿದರು. ಅದನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ.

ಅಕ್ಕನಿಗೆ ಬೇಸರವಾಯಿತು. ನನಗೆ ಗೌರವ ಇನ್ನೂ ಜಾಸ್ತಿಯಾಯಿತು. ಇದನ್ನು ಕಟ್ಟಿದ ಕಾಲದಲ್ಲಿ ಇಲ್ಲಿ ಕ್ರೈಸ್ತ ರೋಮನ್ ಚಕ್ರವರ್ತಿಗಳ ಆಳ್ವಿಕೆ. ಹೊಸ ಸಿನಗಾಗ್ ಕಟ್ಟಲೇಬಾರದು ಎಂದು 438ರಲ್ಲಿ ಕಾನೂನೇ ಬಂತು. ಪೇತ್ರರ ಮನೆಯ ಮೇಲೆ ಎಂಟು ಮೂಲೆಯ ಚರ್ಚು ಎದ್ದದ್ದೂ 5ನೇ ಶತಮಾನದಲ್ಲೇ. ಅಂಥ ಕಾಲದಲ್ಲಿ, ಆ ಚರ್ಚಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಈ ಊರಿನ ಯೆಹೂದ್ಯರು ಇಷ್ಟು ದೊಡ್ಡ ಬಿಳಿ ಸಿನಗಾಗ್ ನಿಲ್ಲಿಸಿದ್ದಾರೆ. ದುಡ್ಡು ಕೊಟ್ಟವರ ಹೆಸರೂ ಅಲ್ಲೇ ಇದೆ. ಒಂದು ಕಂಬದ ಮೇಲೆ ಅರಾಮಿಕ್ ಭಾಷೆಯಲ್ಲಿ ಬರೆದಿದೆ: ಯೋಹಾನನ ಮಗ ಜೆಬಿದಾ, ಅವನ ಮಗ ಹಲ್ಫು ಈ ಕಂಬ ಮಾಡಿಸಿದ, ಅವನಿಗೆ ಒಳ್ಳೆಯದಾಗಲಿ.

ಹೋಗುವವರು ಕೆತ್ತಿದ ಕಲ್ಲುಗಳನ್ನು ಬಿಡದೆ ನೋಡಿ. ದ್ರಾಕ್ಷಿ, ಖರ್ಜೂರದ ಮರ, ಆರು ಮೂಲೆಯ ನಕ್ಷತ್ರ, ಚಕ್ರವಿರುವ ಒಂದು ಗಾಡಿ ಎಲ್ಲಾ ಇವೆ. ಅಲ್ಲಿ ನಿಲ್ಲಲು ನಮಗೆ ಹೊತ್ತು ಸಾಲಲಿಲ್ಲ.