ಮಬ್ಬಿಲ್ಲದ ಆಕಾಶ

ಬಟ್ಟೆ ಚೂರು ಜೋಡಿಸಿ ಹೊಲಿಯಲು ಹೊರಟ ಚಿತ್ರದಲ್ಲಿ ನಂದಿ ಬೆಟ್ಟ ಮೂರೇ ದಿನದಲ್ಲಿ ಮುಗಿದಿತ್ತು. ಯಾರೋ ಬಿಟ್ಟುಹೋದ ಕಂದು ಬ್ಲೌಸ್‌ಪೀಸಿನ ಅಂಚು, ಬೂದು ಪ್ಯಾಂಟಿನ ಒಂದು ಕಾಲು, ಪಾಚಿ ಹಸಿರಿನ ಟೂ ಬೈ ಟೂ ತುಂಡು. ಇಪ್ಪತ್ತೆರಡು ವರ್ಷ ಮನೆಯಲ್ಲೇ ಬ್ಲೌಸು ಹೊಲಿದು, ಸೀರೆಗೆ ಫಾಲ್ ಹಾಕಿಕೊಂಡು ಬಂದವಳ ಗಂಟಿನಲ್ಲಿ ಬೆಟ್ಟಕ್ಕೆ ಬೇಕಾದದ್ದೆಲ್ಲ ಸಿಕ್ಕಿಬಿಟ್ಟಿತು. ಕೆರೆಗೆ ಜರಿ ಬಟ್ಟೆ, ದ್ರಾಕ್ಷಿ ತೋಟಕ್ಕೆ ಹಸಿರು ಚೌಕುಳಿ. ಆಕಾಶಕ್ಕೆ ಮಾತ್ರ ಏನೂ ಸಿಗಲಿಲ್ಲ.

ನೀಲಿ ತುಂಡುಗಳಿಗೇನೂ ಬರವಿರಲಿಲ್ಲ. ಶಾಲೆಯ ಸಮವಸ್ತ್ರದ ನೀಲಿ, ನವಿಲು ನೀಲಿ, ಮದುವೆಮನೆ ನೀಲಿ ಎಲ್ಲ ಇದ್ದವು. ಆದರೆ ಯಾವುದನ್ನು ಹಿಂದಕ್ಕೆ ಹರಡಿದರೂ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ, ಬೆಟ್ಟದ ಹಿಂದೆ ಯಾರೋ ಶಾಮಿಯಾನ ಕಟ್ಟಿದ ಹಾಗೆ. ಚಿಕ್ಕಬಳ್ಳಾಪುರದ ಬಟ್ಟೆ ಅಂಗಡಿಯಲ್ಲಿ ಹೋಗಿ ಕೇಳಿದೆ: ಮೇಲೆ ಗಾಢ, ಬರಬರುತ್ತಾ ತೆಳು, ಅಂಥ ಕಾಟನ್ ಇದೆಯಾ ಅಂತ. ಹುಡುಗ ಕ್ಷಣ ಯೋಚಿಸಿ, "ಶೇಡೆಡ್ ಸೀರೆ ಬೇಕಾ ಅಕ್ಕ?" ಎಂದು ಜಾರ್ಜೆಟ್ ರಾಶಿ ಹಾಕಿದ. ಅವನ ತಪ್ಪೇನಿಲ್ಲ. ಜಾರುವ ಆ ಬಟ್ಟೆಯ ಮೇಲೆ ನಾನು ಬೆಟ್ಟ ನಿಲ್ಲಿಸಲಾರೆ, ಅಷ್ಟೇ.

ಈ ಕೆಲಸ ಶುರುವಾದ ದಿನದಿಂದ ನಮ್ಮತ್ತೆಯದು ಒಂದೇ ಪ್ರಶ್ನೆ. "ಇದು ಹೊದೆಯೋಕಾ, ಗೋಡೆಗಾಕೋಕಾ?" ಬಡಗಣದವರು ಕೌದಿ ಅನ್ನುವುದಕ್ಕೆ ನಮ್ಮ ಮನೆಯಲ್ಲಿ ಬೊಂತೆ ಅನ್ನುತ್ತಾರೆ. ಅತ್ತೆ ಹೊಲಿದ ಬೊಂತೆಗಳು ನಾಲ್ಕಿವೆ. ನಾಲ್ಕೈದು ಹಳೆ ಸೀರೆ ಒಂದರ ಮೇಲೊಂದು ಹಾಸಿ, ಅಂಚು ಮಡಚಿ, ಬೆರಳು ದೂರಕ್ಕೊಂದು ಸಾಲು ದಾರ ಓಡಿಸಿದ್ದು. ಅದರಲ್ಲಿ ಚಿತ್ರ ಗಿತ್ರ ಇಲ್ಲ. ಚಿತ್ರ ಬಂದರೆ ಅದು ಗೋಡೆಯದು, ಗೋಡೆಯದಾದರೆ ಬೊಂತೆ ಯಾಕೆ, ಕ್ಯಾಲೆಂಡರ್ ಸಾಲದಾ ಎಂಬುದು ಅವರ ವಾದ. ನಾನು ಉತ್ತರ ಕೊಡದೆ ಮುಂದೂಡುತ್ತಿದ್ದೆ. ಆದರೆ ಆಕಾಶದ ಬಣ್ಣ ಯಾವುದು ಎನ್ನುವ ಪ್ರಶ್ನೆ ಅಲ್ಲಿಗೇ ಬಂದು ನಿಂತಿತು. ಗೋಡೆಗಾದರೆ ಫ್ಯಾಬ್ರಿಕ್ ಪೇಂಟನ್ನು ನೀರಾಗಿಸಿ ಬಳಿದರೆ ಮುಗಿಯಿತು, ಅದು ದಾರದ ಮೇಲೆ ಪೊರೆಯಾಗಿ ಕೂರುತ್ತದೆ. ದಪ್ಪಗೆ ಬಳಿದರೆ ಬಟ್ಟೆ ಹಪ್ಪಳದಂತೆ ಗರಿಗರಿಯಾಗುತ್ತದೆ, ಕೈಹೊಲಿಗೆಯ ಸೂಜಿ ಇಳಿಯುವುದಿಲ್ಲ. ಒಗೆಯುವ ಬಿಳಿ ಬಟ್ಟೆಗೆ ಹಾಕುವ ಹಳೇ ಕಾಲದ ನೀಲಿ ಪುಡಿ ಇದೆಯಲ್ಲ, ಅದು ನೀರಿನಲ್ಲಿ ಕರಗುವ ವಸ್ತುವೇ ಅಲ್ಲ; ಮುಂದಿನ ಒಗೆತಕ್ಕೆ ಎದ್ದು ಹೋಗುತ್ತದೆ. ಹೊದೆಯುವ ಬಟ್ಟೆಗೆ ಬಣ್ಣ ನಾರಿನೊಳಗೇ ಹೋಗಬೇಕು.

ಅದಕ್ಕೆ ಬೆಂಗಳೂರಿನ ಪೇಟೆಯಿಂದ ಕೋಲ್ಡ್ ಡೈ ತಂದೆ. ರಿಯಾಕ್ಟಿವ್ ಬಣ್ಣ ಅನ್ನುವುದೂ ಇದನ್ನೇ. 1956ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿ ಪ್ರೋಸಿಯಾನ್ ಅನ್ನುವ ಹೆಸರಿನಲ್ಲಿ ಮೊದಲು ಮಾರಿದ ಜಾತಿಯದು. ಕುದಿಸುವ ಕೆಲಸವಿಲ್ಲ. ತಣ್ಣೀರಿನಲ್ಲೇ ಹತ್ತಿಯ ಕೈಹಿಡಿಯುತ್ತದೆ, ಒಮ್ಮೆ ಹಿಡಿದರೆ ಬಿಡುವುದಿಲ್ಲ. ಆದರೆ ಆ ಮದುವೆಗೆ ಸೋಡ ಬೇಕು. ನಾನು ಕೆಟ್ಟದ್ದೇ ಅಲ್ಲಿ.

ಮೊದಲ ಸಲ ಹಾಕಿದ್ದು ಅಡುಗೆ ಸೋಡ. ಬೋಂಡಾಕ್ಕೆ ಹಾಕುವುದೇ. ಸೋಡ ಅಂದರೆ ಸೋಡ ಅಂದುಕೊಂಡೆ. ಮರುದಿನ ನಲ್ಲಿ ಕೆಳಗೆ ಹಿಡಿದರೆ ನನ್ನ ಆಕಾಶ ಅಷ್ಟೂ ಮೋರಿ ಸೇರಿತು. ಎದುರುಮನೆಯಾಕೆ ಬಾಗಿಲಿಗೆ ಬಂದು, "ಏನಕ್ಕಾ, ಕೃಷ್ಣನ ವೇಷದೋರು ಸ್ನಾನ ಮಾಡಿದ್ರಾ?" ಎಂದಳು. ಎರಡೂವರೆ ಮೀಟರ್ ಪಾಪ್ಲಿನ್ ಕೊನೆಗೆ ಹಾಲಿಗೆ ಒಂದು ತೊಟ್ಟು ಶಾಯಿ ಬಿದ್ದ ಬಣ್ಣದಲ್ಲಿ ನಿಂತಿತು. ಬೇಕಾಗಿದ್ದದ್ದು ಬಟ್ಟೆ ಒಗೆಯುವ ಸೋಡ, ವಾಷಿಂಗ್ ಸೋಡ. ತಣ್ಣಗೆ ಮಾಡುವ ಈ ಕೆಲಸಕ್ಕೆ ಅಡುಗೆ ಸೋಡದ ಕ್ಷಾರ ಸಾಲದು. ವಾಷಿಂಗ್ ಸೋಡದಲ್ಲೂ ಒಂದು ತಕರಾರಿದೆ. ಹರಳಾಗಿ ಸಿಗುವುದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ, ಆದ್ದರಿಂದ ಪುಡಿಯ ಲೆಕ್ಕಕ್ಕೆ ಹರಳು ಹಾಕಿದರೂ ಬಣ್ಣ ಸಪ್ಪೆ. ನಾನು ಒಣ ಪುಡಿಯನ್ನೇ ಹುಡುಕಿ ತಂದು, ಲೀಟರಿಗೆ ಮೂರು ದೊಡ್ಡ ಚಮಚ ಹಾಕಿದೆ.

ಹಾಕಿದ ಕೂಡಲೇ ಬಕೆಟ್ಟಿನ ನೀರು ಮಜ್ಜಿಗೆಯಂತೆ ಬೆಳ್ಳಗಾಯಿತು. ಅದು ನಮ್ಮ ಬೋರ್‌ವೆಲ್ ನೀರಿನ ಗುಣ. ಪಾತ್ರೆಯ ತಳದಲ್ಲಿ ಸುಣ್ಣ ಕಟ್ಟುವ ಗಡಸು ನೀರಿಗೆ ಸೋಡ ಬಿದ್ದರೆ ಆ ಸುಣ್ಣ ಕಣ್ಣೆದುರೇ ಒಡೆದು ಬರುತ್ತದೆ, ಬಣ್ಣವನ್ನೂ ಮಂಕು ಮಾಡುತ್ತದೆ. ಪಾಲಾರ್, ಪೆನ್ನಾರ್, ಅರ್ಕಾವತಿ ಎಲ್ಲ ನಂದಿ ಬೆಟ್ಟದ ಆಸುಪಾಸಿನಲ್ಲೇ ಹುಟ್ಟುತ್ತವೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವರು ನಾವು. ಅದೇ ಬೆಟ್ಟದ ನೆರಳಿನಲ್ಲಿ ಸಾವಿರ ಅಡಿ ಕೊರೆಸಿ ಈ ನೀರು ಕುಡಿಯುತ್ತೇವೆ. ಆ ಬಕೆಟ್ಟು ಚೆಲ್ಲಿ, ಮಳೆಗಾಗಿ ಕಾದೆ. ಜೂನ್ ಮೊದಲ ವಾರದ ಒಂದು ಶನಿವಾರ ರಾತ್ರಿ ಹದವಾಗಿ ಬಂತು. ಸೂರಿನ ಪೈಪಿಗೆ ಡ್ರಮ್ಮು ಒಡ್ಡಿ, ಮೊದಲ ಹತ್ತು ನಿಮಿಷದ ಕೊಳೆನೀರು ಬಿಟ್ಟು, ಉಳಿದದ್ದು ಹಿಡಿದೆ.

ಭಾನುವಾರ ಬೆಳಗ್ಗೆ ಏಳಕ್ಕೇ ಮಹಡಿ ಹತ್ತಿದೆ. ಬಟ್ಟೆ ಹಿಂದಿನ ದಿನವೇ ಸಿದ್ಧವಾಗಿತ್ತು. ಹೊಸ ಪಾಪ್ಲಿನ್ನಿನಿಂದ ಎರಡು ಎಳೆ ಕಿತ್ತು ಬೆಂಕಿಗೆ ಹಿಡಿದು ನೋಡಿದ್ದೆ: ಕಾಗದ ಸುಟ್ಟ ವಾಸನೆ, ಮುಟ್ಟಿದರೆ ಉದುರುವ ಬೂದಿ, ಅಂದರೆ ಅಪ್ಪಟ ಹತ್ತಿ. ಗಂಟು ಕಟ್ಟಿ ಕರಗಿದರೆ ಅದರಲ್ಲಿ ಪಾಲಿಯೆಸ್ಟರ್ ಸೇರಿದೆ ಅಂತ, ಅದಕ್ಕೆ ಈ ಬಣ್ಣ ಹತ್ತುವುದೇ ಇಲ್ಲ. ಬಿಸಿನೀರಿನಲ್ಲಿ ಸೋಪು ಹಾಕಿ ಗಂಜಿಯನ್ನೆಲ್ಲ ಒಗೆದು ತೆಗೆದೂ ಆಗಿತ್ತು. ಬಣ್ಣದ ನೀರಿಗೆ ಚೂರು ಯೂರಿಯಾ ಬೇಕು, ಬಟ್ಟೆ ಬೇಗ ಒಣಗದಿರಲಿ ಅಂತ. ಒಣಗಿದರೆ ಬಣ್ಣ ಹಿಡಿಯುವುದು ಅಲ್ಲಿಗೇ ನಿಲ್ಲುತ್ತದೆ. ದ್ರಾಕ್ಷಿ ತೋಟದ ನೆಂಟರು ಒಂದು ಹಿಡಿ ಕೊಟ್ಟರು. ಈಗೆಲ್ಲ ಬೇವಿನೆಣ್ಣೆ ಸವರಿದ ಯೂರಿಯಾ. ಪರವಾಗಿಲ್ಲ, ನನ್ನ ಆಕಾಶಕ್ಕೆ ಹುಳ ಬೀಳುವುದಿಲ್ಲ ಎಂದುಕೊಂಡೆ.

ಅವತ್ತು ಮೊದಲು ಮಾಡಿದ ಕೆಲಸ ಕುರ್ಚಿ ಹಾಕಿಕೊಂಡು ಆಕಾಶ ನೋಡಿದ್ದು. ನಾಚಿಕೆಯ ವಿಷಯ, ಇಷ್ಟು ವರ್ಷ ಬಟ್ಟೆ ಒಣಗುತ್ತದಾ ಇಲ್ಲವಾ ಎಂದು ತಿಳಿಯಲಷ್ಟೇ ತಲೆ ಎತ್ತಿದ್ದೆ. ನೆತ್ತಿಯ ಮೇಲೆ ಕಡು ನೀಲಿ. ಕಣ್ಣು ಕೆಳಗಿಳಿಸಿದಂತೆ ನೀಲಿ ನೀರಾಗುತ್ತಾ, ಬೆಟ್ಟದ ಹೆಗಲಿಗೆ ಬರುವಷ್ಟರಲ್ಲಿ ನೀಲಿಯೇ ಅಲ್ಲ. ರಾಗಿ ಹಿಟ್ಟು ಕದಡಿದ ತಿಳಿಯ ಬಣ್ಣ. ಪಿಯುಸಿ ಓದುವ ಮಗಳು ಹಲ್ಲುಜ್ಜುತ್ತಲೇ ಪಾಠ ಮಾಡಿದಳು. ಗಾಳಿ ನೀಲಿ ಬೆಳಕನ್ನು ಹೆಚ್ಚು ಚೆದುರಿಸುತ್ತದೆ ಎಂದು ಲಾರ್ಡ್ ರ್‍ಯಾಲೀ 1871ರಲ್ಲೇ ಲೆಕ್ಕ ಹಾಕಿ ತೋರಿಸಿದನಂತೆ. ದಿಗಂತದ ಕಡೆ ನೋಡುವಾಗ ನಡುವೆ ಗಾಳಿ ಎಷ್ಟೋ ಪಟ್ಟು ಜಾಸ್ತಿ, ಅಲ್ಲಿ ಬೆಳಕು ಮತ್ತೆ ಮತ್ತೆ ಚೆದುರಿ ಎಲ್ಲ ಬಣ್ಣ ಬೆರೆತು ಬೆಳ್ಳಗಾಗುತ್ತದೆ. ನಮ್ಮ ಕಡೆ ಕ್ರಷರ್ ಧೂಳೂ ಇದೆ ಎಂದು ನಾನು ಸೇರಿಸಿದೆ.

ಹಳೆ ಬಾಗಿಲನ್ನು ಇಟ್ಟಿಗೆಗಳ ಮೇಲೆ ಓರೆಯಾಗಿ ಮಲಗಿಸಿ, ಪ್ಲಾಸ್ಟಿಕ್ ಹಾಳೆ ಹಾಸಿ, ಸೋಡ ನೀರಲ್ಲಿ ಅರ್ಧ ಗಂಟೆ ನೆನೆದ ಬಟ್ಟೆಯನ್ನು ಹಿಂಡಿ ಹರಡಿದೆ. ಬಣ್ಣದ ಪುಡಿ ಕಲಸುವಾಗ ಮೂಗಿಗೆ ಮಾಸ್ಕು, ಕೈಗೆ ಗ್ಲೌಸು. ಆ ಪುಡಿ ಉಸಿರಲ್ಲಿ ಹೋಗಬಾರದು, ಆ ಬೋಸಿ ಮತ್ತೆ ಅಡುಗೆಮನೆಗೆ ಹೋಗಬಾರದು. ಮೂರು ಬೋಸಿ: ಒಂದರಲ್ಲಿ ಗಟ್ಟಿ ನೀಲಿ, ಒಂದರಲ್ಲಿ ಹಸಿರು ಸುಳಿವಿನ ತೆಳು ನೀಲಿ, ಇನ್ನೊಂದರಲ್ಲಿ ನೀಲಿಗೆ ಎರಡು ಹನಿ ಕಿತ್ತಳೆ ಬಿಟ್ಟು ಮಾಡಿದ ಬೂದಿ. ಸುಣ್ಣ ಹೊಡೆಯುವ ಅಗಲ ಬ್ರಷ್ಷಿನಿಂದ ಮೇಲಿನ ತುದಿಯಿಂದ ಶುರು ಮಾಡಿದೆ.

ಐದೇ ನಿಮಿಷ. ಗಟ್ಟಿ ನೀಲಿ ಇಳಿಜಾರಿನಲ್ಲಿ ಹರಿದು ತೆಳು ಭಾಗವನ್ನು ನುಂಗಲು ಬಂತು. ನೀರು ತಗ್ಗಿಗೆ ಹರಿಯುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲವೇ! ಮಗಳನ್ನು ಕೂಗಿ, ಇಬ್ಬರೂ ಸೇರಿ ಬಾಗಿಲನ್ನು ಬಟ್ಟೆ ಸಮೇತ ತಿರುಗಿಸಿದೆವು. ಗಾಢ ತುದಿ ಕೆಳಗೆ, ತೆಳು ತುದಿ ಮೇಲೆ. ಅಂದರೆ ಆಕಾಶವನ್ನು ತಲೆಕೆಳಗು ಮಾಡಿ ಬಳಿಯಬೇಕು. ಹರಿದ ಬಣ್ಣ ಗಾಢವಾಗಬೇಕಾದ ಕಡೆಗೇ ಹೋಗುತ್ತದೆ. ಆಮೇಲೆ ಕೈ ತಾನಾಗಿ ಓಡಿತು. ಒಂದು ಪಟ್ಟಿ ಬಳಿದು, ಅದರ ಅಂಚು ಹಸಿಯಾಗಿರುವಾಗಲೇ ಅದಕ್ಕಿಂತ ತೆಳುವಾದ ಇನ್ನೊಂದು. ಗೆರೆ ಕಂಡಲ್ಲಿ ಬರೀ ನೀರಿನ ಬ್ರಷ್ಷು. ಕಷ್ಟವೆಂದರೆ ಬಳಿಯುವುದಲ್ಲ, ನಿಲ್ಲಿಸುವುದು. ಇನ್ನೊಂದು ಸಲ ಸವರೋಣ ಅನಿಸಿದ ಕಡೆಯೆಲ್ಲ ಕೆಟ್ಟಿದೆ, ಈಗಲೂ ತೋರಿಸಬಲ್ಲೆ.

ಒಂಬತ್ತೂವರೆಗೆ ಅತ್ತೆ ಮೊಣಕಾಲು ಹಿಡಿದುಕೊಂಡು ಮಹಡಿ ಹತ್ತಿ ಬಂದರು. ಬಟ್ಟೆಯ ಸುತ್ತ ಒಂದು ಸುತ್ತು ಬಂದು, "ಮಬ್ಬೇ ಇಲ್ವಲ್ಲಮ್ಮ," ಎಂದರು.

ನನಗೆ ಹಿಗ್ಗೋ ಹಿಗ್ಗು. "ಹೂಂ ಅತ್ತೆ, ಮಳೆನೀರು ನೋಡಿ. ಬೋರ್ ನೀರಲ್ಲಾಗಿದ್ರೆ ಮಬ್ಬಾಗ್ತಿತ್ತು."

ಅವರು ನನ್ನ ಮುಖ ನೋಡಿದರು. "ಅದೇ ಅಂತೀನಿ. ಮಳೆಗಾಲದಾಗೆ ಮಬ್ಬಿಲ್ದೆ ಬೆಟ್ಟ ಯಾರು ನೋಡವ್ರೆ? ಹಾಕು ಎರಡು."

ಆಗ ಹೊಳೆಯಿತು. ಅತ್ತೆಯ ತವರಿನ ಮಾತು ತೆಲುಗು. ಅವರ ಬಾಯಲ್ಲಿ ಮಬ್ಬು ಅಂದರೆ ಮೋಡ. ಇಪ್ಪತ್ತು ವರ್ಷದಿಂದ "ಮಬ್ಬು ಬಂತು, ಬಟ್ಟೆ ತೆಗಿ" ಎಂದು ಅವರು ಕೂಗುವುದನ್ನು ಕೇಳುತ್ತಲೇ ಇದ್ದವಳು, ಬಣ್ಣದ ಬೋಸಿ ಕೈಯಲ್ಲಿದ್ದಾಗ ಮಾತ್ರ ಕನ್ನಡದ ಮಬ್ಬು ಹಿಡಿದುಕೊಂಡೆ. ಹೊಗಳಿಕೆ ಅಂತ ನಾನು ತೆಗೆದುಕೊಂಡದ್ದು ಅಸಲಿಗೆ ಆಕ್ಷೇಪಣೆ.

ಮೋಡಕ್ಕೆ ಜಾಗ ಬಿಟ್ಟಿರಲಿಲ್ಲ, ತೆಗೆಯಬೇಕಿತ್ತು. ಸೋಡ ಇರುವುದರಿಂದ ಬಣ್ಣ ಕ್ಷಣಕ್ಷಣಕ್ಕೂ ಬಟ್ಟೆಯನ್ನು ಹಿಡಿಯುತ್ತಲೇ ಇರುತ್ತದೆ, ತಡಮಾಡಿದರೆ ಬರುವುದಿಲ್ಲ. ಹಳೆ ಟವಲನ್ನು ಮುದ್ದೆ ಮಾಡಿ ನೀರಲ್ಲದ್ದಿ ಹಿಂಡಿ, ಒತ್ತಿ ಒತ್ತಿ ನೀಲಿ ಹೀರಿಸಿದೆ. ನನ್ನ ಮೊದಲ ಮೋಡ ಮಕ್ಕಳು ಬರೆಯುವಂಥದ್ದು, ಸುತ್ತಲೂ ಗುಂಡು. ಅತ್ತೆ ಒಪ್ಪಲಿಲ್ಲ. "ಮೇಲೆ ಹೂಕೋಸು ಇದ್ದಂಗೆ, ಕೆಳಗೆ ಮಣೆ ಇದ್ದಂಗೆ ಇರ್ತದೆ, ನೋಡಲ್ಲಿ." ನೋಡಿದೆ. ಕಳವಾರ ಬೆಟ್ಟದ ಕಡೆ ಸಾಲಾಗಿ ನಿಂತಿದ್ದ ಮೋಡಗಳೆಲ್ಲ ಒಂದೇ ಎತ್ತರದಲ್ಲಿ ತಳ ಕತ್ತರಿಸಿಟ್ಟ ಹಾಗಿದ್ದವು. ಏರುವ ಗಾಳಿ ಒಂದು ಎತ್ತರಕ್ಕೆ ಹೋಗಿ ತಣಿದ ಮೇಲೆ ತಾನೇ ಆವಿ ಹನಿಯಾಗುವುದು, ಅಲ್ಲೇ ತಳ ಎಂದಳು ಮಗಳು. ಅತ್ತೆಗೆ ಆ ಕಾರಣ ಬೇಕಿರಲಿಲ್ಲ. ಬೂದಿ ನೀಲಿ ಅದ್ದಿ ಮೋಡದ ಅಡಿಗೆ ಒಂದು ಗೆರೆ ಎಳೆದೆ, ಮೋಡಕ್ಕೆ ತೂಕ ಬಂತು.

ಒಂದು ಮೂಲೆಗೆ ಕಲ್ಲುಪ್ಪು ಎರಚಿದ್ದು ನನ್ನ ಅಧಿಕಪ್ರಸಂಗ. ಉಪ್ಪಿನ ಹರಳು ಸುತ್ತಲಿನ ಬಣ್ಣದ ನೀರನ್ನು ಎಳೆದುಕೊಂಡು ನಕ್ಷತ್ರದಂಥ ಕಲೆ ಮಾಡುತ್ತದೆ. ಚೆಂದವೇ. ಆದರೆ ಹಗಲಿನ ಆಕಾಶದಲ್ಲಿ ಅದು ಬೂಷ್ಟು ಹಿಡಿದಂತೆ ಕಂಡಿತು.

ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬೆಚ್ಚಗಿರಲಿ ಎಂದು ಒಲೆಯ ಕೋಣೆಯ ಮೂಲೆಯಲ್ಲಿ ಒಂದು ಹಗಲು ಒಂದು ರಾತ್ರಿ ಇಟ್ಟೆ. ಹಸಿರು ಸುಳಿವಿನ ಆ ನೀಲಿ ನಿಧಾನಸ್ಥ, ಅದಕ್ಕೆ ಬಿಸಿಯೂ ಬೇಕು, ಹೊತ್ತೂ ಬೇಕು. ಸೋಮವಾರ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಮತ್ತೆ ನೀಲಿ ಹರಿಯಿತು, ಎದೆ ಧಸಕ್ಕೆಂದಿತು. ಹತ್ತಿಗೆ ಸಿಗದೆ ನೀರಿನ ಜೊತೆಯೇ ಕೂಡಿಕೊಂಡ ಬಣ್ಣ ಎಷ್ಟಾದರೂ ಇದ್ದೇ ಇರುತ್ತದೆ, ಅದು ಹೋಗಲೇಬೇಕು. ಆರನೇ ನೀರು ತಿಳಿಯಾಯಿತು. ಒಣಗಿದ ಮೇಲೆ ಎರಡು ಮಟ್ಟ ತೆಳುವಾಗಿತ್ತು, ಹಸಿ ಬಟ್ಟೆಯ ಬಣ್ಣ ನಂಬಬಾರದು. ಬೂದಿಯೊಳಗಿನ ಕಿತ್ತಳೆ ನೀಲಿಯನ್ನು ಬಿಟ್ಟು ಬೇರೆಯೇ ಹಬ್ಬಿ, ಮೋಡದ ಅಡಿಯಲ್ಲಿ ಎಳೆಯ ಕಾವಿ ಅಂಚು ಮೂಡಿತ್ತು. ಅದು ಸಂಜೆಯ ಬಣ್ಣ, ನಾನು ಬಳಿದದ್ದು ಬೆಳಗ್ಗೆಯದು. ಹಾಗೇ ಬಿಟ್ಟೆ. ಉಪ್ಪಿನ ಮೂಲೆ ಬೆಟ್ಟದ ಹಿಂದೆ ಹೋಯಿತು.

ಬೆಟ್ಟ, ತೋಟ, ಕೆರೆ ಕೂರಿಸಿ ಹೊಲಿದು, ಕೆಳಗೆ ಎರಡು ಹಳೆ ಸೀರೆ ಹಾಕಿದೆ. ತೀರ ಹಿಂಬದಿಗೆ ಅಡುಗೆ ಸೋಡದ ಆ ಬಡ ಆಕಾಶ. ಗಾಳಿಯ ಸುಳಿಯಂತೆ ಬಳಸಿ ಬಳಸಿ ಹೊಲಿಯಬೇಕೆಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಬ್ಲೌಸಿನ ಅವಸರದ ಆರ್ಡರಿಗೆ ಎದ್ದು ಹೋದೆ. ಎರಡು ದಿನ ಬಿಟ್ಟು ನೋಡಿದರೆ ಅತ್ತೆ ಕನ್ನಡಕ ಹಾಕಿಕೊಂಡು, ಆಕಾಶದ ಈ ತುದಿಯಿಂದ ಆ ತುದಿಗೆ ಬೆರಳು ದೂರಕ್ಕೊಂದು ನೇರ ಸಾಲು ಓಡಿಸಿದ್ದರು. ಉತ್ತ ಹೊಲದ ಹಾಗೆ. ಮೋಡವೂ ಬಿಟ್ಟಿರಲಿಲ್ಲ.

"ಬಳಸಿ ಹೊಲಿದ್ರೆ ಒಗೆದಾಗ ಮುದುರ್ತದಮ್ಮ," ಎಂದರು, ದಾರ ಕಚ್ಚುತ್ತಾ.

ಗೋಡೆಗೆಂದು ಹೊಡೆದ ಮೊಳೆಯಲ್ಲಿ ಈಗ ಮಗಳ ಬ್ಯಾಗು ನೇತಾಡುತ್ತಿದೆ. ಮೊನ್ನೆ ಮಳೆ ಹಿಡಿದ ರಾತ್ರಿ ದೀಪ ಆರಿಸಲು ಹೋದರೆ ಅತ್ತೆ ಅದನ್ನೇ ಹೊದ್ದು ಮಲಗಿದ್ದರು. ಕೆರೆ ಗಲ್ಲದ ಹತ್ತಿರ, ಬೆಟ್ಟ ಹೊಟ್ಟೆಯ ಮೇಲೆ, ಆಕಾಶ ಕಾಲ ಕಡೆ.