ಕಾಲು ಒತ್ತುವ ಗಂಡಸರು

ನಮ್ಮ ಕಡೆಯ ಗಂಡಸರ ಬಗ್ಗೆ ನನಗೊಂದು ಗಟ್ಟಿ ಅಭಿಪ್ರಾಯ ಇತ್ತು. ಒಳ್ಳೆಯವರು, ದುಡಿಯುವವರು. ಆದರೆ ಮನೆಯೊಳಗೆ ಬಂದರೆ ಕೂತ ಜಾಗದಿಂದ ಏಳುವುದಿಲ್ಲ. ನೀರಿನ ತಂಬಿಗೆ ಕೈಗೇ ಬರಬೇಕು. ಉಂಡ ತಾಟು ಅಲ್ಲೇ ಇರುತ್ತದೆ. ನಾನು ಗದಗ ಸೀಮೆಯಲ್ಲಿ ಹುಟ್ಟಿ ಬೆಳೆದವಳು. ಅಪ್ಪ, ಕಾಕಾ, ಅಣ್ಣಂದಿರು ಎಲ್ಲರನ್ನೂ ಕಂಡೇ ಹೇಳುತ್ತಿದ್ದೇನೆ. ಇದೇ ಗಂಡಸರನ್ನು ಯುಗಾದಿ ಹೊತ್ತಿಗೆ ಶ್ರೀಶೈಲದ ದಾರಿಯಲ್ಲಿ ನೋಡಿ ಬಂದೆ. ಆಗಿನಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ.

ಶ್ರೀಶೈಲಕ್ಕೆ ನಡೆದು ಹೋಗುವುದು ಉತ್ತರ ಕರ್ನಾಟಕದವರಿಗೆ ಹೊಸದೇನಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕೊಪ್ಪಳ, ರಾಯಚೂರು ಕಡೆಯ ಊರೂರುಗಳಿಂದ ಜನ ಹೊರಡುತ್ತಾರೆ. ಹೆಗಲ ಮೇಲೆ ಮಲ್ಲಯ್ಯನ, ಅಂದರೆ ಶ್ರೀಶೈಲದ ಮಲ್ಲಿಕಾರ್ಜುನನ ಕಂಬಿ, ಪೂಜೆಯ ಕೋಲು, ಇರುತ್ತದೆ. ಕೆಲವರು ಮರಗಾಲು ಕಟ್ಟಿಕೊಂಡೇ ನಡೆಯುತ್ತಾರೆ. ಅವರನ್ನು ಟಿವಿಯಲ್ಲಿ ನೋಡುವುದು ಬೇರೆ, ಡಾಂಬರು ರಸ್ತೆಯ ಮೇಲೆ ಟಕ್ ಟಕ್ ಎನ್ನುತ್ತಾ ಪಕ್ಕದಲ್ಲೇ ಹಾದುಹೋಗುವುದನ್ನು ನೋಡುವುದು ಬೇರೆ. ಇಷ್ಟೆಲ್ಲ ಕಷ್ಟ ಯಾಕೆ ಅಂದರೆ ಅವರದ್ದು ಒಂದೇ ಉತ್ತರ. ಗುಡ್ಡದ ಮೇಲಿರುವ ಭ್ರಮರಾಂಬೆ ನಮ್ಮ ಮನೆ ಮಗಳು, ಮಲ್ಲಯ್ಯ ಅಳಿಯ. ಹಬ್ಬಕ್ಕೆ ಮಗಳಿಗೆ ಸೀರೆ, ಬಳೆ, ಅರಿಶಿನ ಕುಂಕುಮ ಒಯ್ಯಬೇಕು, ಅಷ್ಟೇ.

ನಮ್ಮ ಸೋದರಮಾವ ಪ್ರತಿ ವರ್ಷ ಹೋಗುವವರು. ಮಂಡಿನೋವು ಜಾಸ್ತಿಯಾದ ಮೇಲೆ ಮನೆಯವರು ಅವರನ್ನು ಒಬ್ಬರನ್ನೇ ಬಿಡುತ್ತಿಲ್ಲ. ಹಾಗಾಗಿ ನಾನು ಜೊತೆಯಾದೆ, ಅದೂ ಊರಿಂದಲ್ಲ, ಕರ್ನೂಲು ದಾಟಿದ ಮೇಲೆ ಆತ್ಮಕೂರಿನಿಂದ. ಅಲ್ಲಿಂದ ಮುಂದೆ ವೆಂಕಟಾಪುರದ ಹತ್ತಿರ ರಸ್ತೆ ಮುಗಿದು ನಲ್ಲಮಲ ಕಾಡು ಶುರುವಾಗುತ್ತದೆ.

ಕಾಡಿಗೆ ಮುಂಚೆ ದಾರಿಯುದ್ದಕ್ಕೂ ಶಾಮಿಯಾನಗಳು. ಎಲ್ಲವೂ ನಮ್ಮ ಕಡೆಯವರದ್ದೇ. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ, ಮಜ್ಜಿಗೆ, ಕಲ್ಲಂಗಡಿ. ಯಾರಿಗೂ ಯಾರೂ ದುಡ್ಡು ಕೇಳುವುದಿಲ್ಲ. ಊಟ ಚೆನ್ನಾಗಿತ್ತು. ಆದರೆ ನಾನು ನಿಂತುಬಿಟ್ಟದ್ದು ಊಟ ನೋಡಿ ಅಲ್ಲ.

ಒಂದು ಶಾಮಿಯಾನದ ಪಕ್ಕ, ಬೇವಿನ ಮರದ ಕೆಳಗೆ, ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಪ್ರತಿ ಕುರ್ಚಿಯ ಮುಂದೆ ಒಂದು ಟಬ್ಬಿನಲ್ಲಿ ಉಪ್ಪು ಹಾಕಿದ ಬಿಸಿನೀರು. ಪ್ರತಿ ಟಬ್ಬಿನ ಮುಂದೆ ನೆಲದ ಮೇಲೆ ಒಬ್ಬ ಗಂಡಸು. ನಾನು ನೋಡುತ್ತಾ ನಿಂತವರಿಗೆ ಐವತ್ತರ ಆಸುಪಾಸು ಇರಬಹುದು. ಬನಿಯನ್ನು, ಮೇಲೆತ್ತಿ ಕಟ್ಟಿದ ಲುಂಗಿ, ಹೆಗಲಿಗೆ ಟವೆಲ್ಲು, ದಪ್ಪ ಮೀಸೆ. ಹೆಬ್ಬೆರಳಿನ ಉಗುರು ಏಟು ತಿಂದು ಕಪ್ಪಾಗಿತ್ತು. ಊರಲ್ಲಿ ಸಿಕ್ಕಿದ್ದರೆ ಇವರ ಹತ್ತಿರ ಮಾತಾಡಲು ನಾನು ಎರಡು ಸಲ ಯೋಚಿಸುತ್ತಿದ್ದೆ.

ಅವರು ಒಬ್ಬ ಹುಡುಗನ ಕಾಲನ್ನು ನೀರಿನಿಂದ ಎತ್ತಿ, ತಮ್ಮ ತೊಡೆಯ ಮೇಲಿಟ್ಟುಕೊಂಡು ಒರೆಸಿದರು. ಬೆರಳ ಸಂದಿಗಳನ್ನೂ ಬಿಡಲಿಲ್ಲ. ಹಿಮ್ಮಡಿಯಲ್ಲಿ ದೊಡ್ಡ ಬೊಬ್ಬೆ. ಸೂಜಿಯನ್ನು ಬೆಂಕಿಗೆ ಹಿಡಿದರು, ಆರಲು ಬಿಟ್ಟರು, ಬೊಬ್ಬೆಯ ಅಂಚಿನಲ್ಲಿ ಮೆಲ್ಲಗೆ ಚುಚ್ಚಿದರು. ಹತ್ತಿಯಿಂದ ಒತ್ತಿ ನೀರು ತೆಗೆದರು. ಮೇಲಿನ ಚರ್ಮ ಕೀಳಲಿಲ್ಲ. ಹಾಗೇ ಬಿಟ್ಟು ಮುಲಾಮು ಹಚ್ಚಿ ಬಟ್ಟೆ ಸುತ್ತಿದರು. ಹುಡುಗ ನಾಚಿಕೆಯಿಂದ ಕಾಲು ಎಳೆದುಕೊಳ್ಳುತ್ತಿದ್ದ. ಇವರು ಬಿಡಲಿಲ್ಲ. ಮೀನಖಂಡಕ್ಕೆ ಎಣ್ಣೆ ಹಚ್ಚಿ ಒತ್ತಿದರು. ಕೊನೆಗೆ ಎರಡೂ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡು, "ಆತ್ರಿ ಮಲ್ಲಯ್ಯ, ಏಳ್ರಿ" ಅಂದರು.

ತಮ್ಮ ಮಗನ ವಯಸ್ಸಿನ ಹುಡುಗನಿಗೆ, ಹೆಸರು, ಜಾತಿ, ಊರು ಏನೂ ಕೇಳದೆ, "ಏಳ್ರಿ" ಅಂದರು. ನನಗೆ ಗಂಟಲು ಕಟ್ಟಿತು.

ಮಾವ ಕಾಲು ನೀರಲ್ಲಿಟ್ಟು ಕೂತರು. ನಾನು ಪಕ್ಕದಲ್ಲೇ ಕೂತು ಕಾಲು ಒತ್ತುತ್ತಿದ್ದವರನ್ನು ಮಾತಿಗೆ ಎಳೆದೆ. ಮುಧೋಳದ ಕಡೆಯವರಂತೆ. ಕಬ್ಬು ಬೆಳೆಯುತ್ತಾರೆ.

"ಅಣ್ಣಾರ, ಇದನ್ನ ಎಲ್ಲಿ ಕಲ್ತ್ರಿ?"

"ಕಲಿಯೂದೇನೈತ್ರಿ ಅಕ್ಕಾರ. ಎತ್ತಿನ ಕಾಲು ನೋಡಿ ನೋಡಿ ರೂಢಿ ಆಗೈತಿ. ಮನಷ್ಯಾರ ಕಾಲು ಅದಕ್ಕಿಂತ ಮೆತ್ತಗ."

ಮನಸ್ಸಿನಲ್ಲಿದ್ದದ್ದು ಬಾಯಿಗೆ ಬಂದೇಬಿಟ್ಟಿತು. "ಮನ್ಯಾಗ ವೈನಿ ಕಾಲು ಯಾವಾಗರ ಒತ್ತೀರೇನ್ರಿ?"

ಆಚೀಚೆ ಕೂತವರು ಗೊಳ್ಳೆಂದು ನಕ್ಕರು. ಮಾವ ನನ್ನನ್ನು ದುರುಗುಟ್ಟಿ ನೋಡಿದರು. ಅವರು ಮಾತ್ರ ನಗಲಿಲ್ಲ. ಮಾವನ ಮಂಡಿ ತಿಕ್ಕುತ್ತಲೇ ಇದ್ದರು.

"ಇಲ್ರಿ" ಅಂದರು ಸ್ವಲ್ಪ ಹೊತ್ತಾದ ಮೇಲೆ. "ಖರೇ ಹೇಳಬೇಕಂದ್ರ ಒಮ್ಮಿನೂ ಇಲ್ರಿ. ಆಕಿ ಕೇಳಂಗಿಲ್ಲ, ನಾ ಒತ್ತಂಗಿಲ್ಲ."

"ಯಾಕ್ರಿ?"

"ಇಲ್ಲಿ ಕುರ್ಚಿ ಮ್ಯಾಲ ಕುಂತವ ಯಾರರ ಇರ್ಲಿ, ಮಲ್ಲಯ್ಯ. ಮಲ್ಲಯ್ಯನ ಕಾಲು ಹಿಡಿಯಾಕ ನಾಚಿಕಿ ಇಲ್ರಿ. ಮನ್ಯಾಗ ಹಂಗ ಮಾಡಿದ್ನಿ ಅಂದ್ರ ಊರ ಮಂದಿ ಏನಂತಾರ? ನಮ್ಮವ್ವನ ಮದ್ಲ ಬೈತಾಳ."

ಪಕ್ಕದ ಕುರ್ಚಿಯಲ್ಲಿ ಒಬ್ಬ ಮುದುಕಿ ಕೂತಿದ್ದರು. ಹಸಿರು ಇಳಕಲ್ ಸೀರೆ, ಕೈತುಂಬ ಬಳೆ, ಮುಖವೆಲ್ಲ ಧೂಳು. ಅಷ್ಟು ಹೊತ್ತು ಸುಮ್ನೆ ಕೇಳಿಸಿಕೊಳ್ಳುತ್ತಿದ್ದವರು ಈಗ ಬಾಯಿ ಬಿಟ್ಟರು.

"ಗುಡ್ಡದ ಮ್ಯಾಲಿನ ಮಗಳಿಗೆ ಸೀರಿ ಒಯ್ತೀ. ಮನ್ಯಾಗ ಇರಾಕಿನೂ ಯಾರದೋ ಮನಿ ಮಗಳ ಅಲ್ಲೇನೋ ತಮ್ಮಾ?"

ಈ ಸಲ ಯಾರೂ ನಗಲಿಲ್ಲ. "ಖರೇ ಐತಿ ಬೇ ಯವ್ವಾ" ಅಂದು ಅವರು ಮುದುಕಿಯ ಟಬ್ಬಿನ ಹತ್ತಿರ ಸರಿದು, ಆಕೆಯ ಕಾಲು ತೊಡೆಯ ಮೇಲೆ ತೆಗೆದುಕೊಂಡರು.

ನಾನು ಇನ್ನೊಂದು ಮಾತೂ ಕೇಳಿದೆ. 2022ರಲ್ಲಿ, ಯುಗಾದಿಗೆ ಕೆಲವೇ ದಿನ ಮುಂಚೆ, ಶ್ರೀಶೈಲದಲ್ಲಿ ರಾತ್ರಿ ಗಲಾಟೆ ಆಗಿತ್ತು. ಒಂದು ಅಂಗಡಿಯಲ್ಲಿ ಶುರುವಾದ ಸಣ್ಣ ಜಗಳ. ನಮ್ಮ ಕಡೆಯ ಹುಡುಗನೊಬ್ಬನಿಗೆ ಪೆಟ್ಟಾಯಿತು. ಆಮೇಲೆ ಸಿಟ್ಟಿಗೆದ್ದವರು ಅಂಗಡಿ, ಗಾಡಿಗಳನ್ನು ಒಡೆದು ಹಾಕಿದರು. ಅಷ್ಟು ದೂರ ದೇವರ ಹೆಸರು ಹೇಳಿಕೊಂಡು ನಡೆದವರು ಬಡವರ ಅಂಗಡಿಗೆ ಕೈ ಹಾಕಿದ್ದು ನನಗೆ ಇವತ್ತಿಗೂ ಅರಗಿಲ್ಲ. ಅದನ್ನೇ ಹೇಳಿದೆ.

"ಅವರೂ ನಡಕೊಂಡ ಬಂದವರ್ರಿ ಅಕ್ಕಾರ. ಅವರ ಕಾಲಿಗೂ ಯಾರೋ ಹಿಂಗ ಕುಂತು ಎಣ್ಣಿ ಹಚ್ಚಿರತಾರ" ಅಂದರು. ದನಿಯಲ್ಲಿ ಸಮರ್ಥನೆ ಇರಲಿಲ್ಲ. ಸಂಕಟ ಇತ್ತು. "ನಡದ್ರ ಕಾಲು ಸವೀತಾವ್ರಿ. ಸಿಟ್ಟು ಸವಿಯೂದು ಗ್ಯಾರಂಟಿ ಇಲ್ಲ."

ಭಕ್ತಿ ಇದ್ದರೆ ಮನುಷ್ಯ ತಾನಾಗೇ ಒಳ್ಳೆಯವನಾಗುತ್ತಾನೆ ಎಂದು ನಾನು ಮೊದಲೂ ನಂಬಿರಲಿಲ್ಲ, ಈಗಲೂ ನಂಬುವುದಿಲ್ಲ. ಆದರೆ ಬರೀ ತೋರಿಕೆ ಎಂದು ತಳ್ಳಿಹಾಕುವವರ ಮಾತನ್ನೂ ಇನ್ನು ಮೇಲೆ ಒಪ್ಪಲಾರೆ. ಆ ಕೈಗಳಲ್ಲಿದ್ದ ಮೆತ್ತನೆಯ ಗುಣ ಎಲ್ಲಿಂದಲೋ ಹಾರಿ ಬಂದದ್ದಲ್ಲ. ಅದು ಆ ಮನುಷ್ಯನ ಸ್ವಂತದ್ದು. ಊರಲ್ಲಿ ಅದನ್ನು ಹೊರಗೆ ತೆಗೆಯಲು ಅವರಿಗೆ ಜಾಗ ಇಲ್ಲ, ಇಲ್ಲಿ ಮಲ್ಲಯ್ಯನ ಹೆಸರಿನಲ್ಲಿ ಜಾಗ ಸಿಕ್ಕಿದೆ. ಗಂಡಸರನ್ನು ಹೀಗೆ ಬಿಗಿದು ಇಟ್ಟವರು ಯಾರು? ಅವರ ಅವ್ವಂದಿರು, ಅಪ್ಪಂದಿರು, ಕಟ್ಟೆಯ ಮೇಲೆ ಕೂತು ಆಡಿಕೊಳ್ಳುವ ನಾವು ನೀವು ಎಲ್ಲರೂ ಅಲ್ವಾ? ಅದು ತಪ್ಪು. ನೋಡಿ ಬಂದ ಮೇಲೆ ಇನ್ನೂ ದೊಡ್ಡ ತಪ್ಪು ಅನ್ನಿಸುತ್ತಿದೆ.

ಮುಂದಿನ ದಾರಿ ಬೇಗ ಹೇಳಿ ಮುಗಿಸುತ್ತೇನೆ. ನಾಗಲೂಟಿ, ಪೆಚ್ಚೆರುವು, ಭೀಮುನಿಕೊಲನು, ಆಮೇಲೆ ಕೈಲಾಸದ್ವಾರ. ಹುಲಿ ಇರುವ ಕಾಡು ಇದು, ಗುಂಪು ಬಿಟ್ಟು ನಡೆಯಬಾರದು. ಮರಗಳೆಲ್ಲ ಎಲೆ ಉದುರಿಸಿ ನಿಂತಿರುತ್ತವೆ, ನೆರಳು ಕಡಿಮೆ. ಭೀಮುನಿಕೊಲನು ಕಣಿವೆಯ ಮೆಟ್ಟಿಲು ಹತ್ತುವಾಗ ಮಂಡಿಯ ಪರೀಕ್ಷೆ ಆಗುತ್ತದೆ. ಗುಡ್ಡ ಹತ್ತುವವರಿಗೆ ಮೆಟ್ಟಿಲು ಕಟ್ಟಿಸಿದವನು 14ನೇ ಶತಮಾನದ ರೆಡ್ಡಿ ದೊರೆ ಪ್ರೋಲಯ ವೇಮ. ಮೆಟ್ಟಿಲು ಹತ್ತುವಾಗ ಅಕ್ಕಮಹಾದೇವಿ ನೆನಪಾದಳು. 12ನೇ ಶತಮಾನದಲ್ಲಿ ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಇದೇ ಶ್ರೀಶೈಲಕ್ಕೆ. ಕೌಶಿಕನ ಅರಮನೆ ಬಿಟ್ಟು ಬಂದವಳಿಗೆ ದಾರಿಯಲ್ಲಿ ಕುರ್ಚಿ ಹಾಕಿ ಕಾಲು ತೊಳೆದವರು ಯಾರಾದರೂ ಇದ್ದರೋ?

ಹೋಗುವವರಿಗೆ ಒಂದು ಮಾತು. ಯುಗಾದಿ ವಾರದಲ್ಲಿ ಶ್ರೀಶೈಲದ ಖಾಸಗಿ ರೂಮು ನಂಬಿಕೊಂಡು ಹೋಗಬೇಡಿ. ನಾವು ಮೊದಲೇ ದುಡ್ಡು ಕಟ್ಟಿ, ರಸೀದಿ ಇಟ್ಟುಕೊಂಡಿದ್ದೆವು. ಹೋಗಿ ನಿಂತರೆ ಅದೇ ರೂಮು ಜಾಸ್ತಿ ಬೆಲೆಗೆ ಬೇರೆಯವರಿಗೆ ಹೋಗಿತ್ತು. ಕುಂಟುತ್ತಾ ಬಂದ ಮಾವನನ್ನು ಕೌಂಟರಿನವನು ಕಣ್ಣೆತ್ತಿಯೂ ನೋಡಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ. ಒಂದು ಜಮಖಾನೆ, ತೆಳ್ಳನೆ ಹೊದಿಕೆ, ಬ್ಯಾಟರಿ, ಓಆರ್‌ಎಸ್ ಪೊಟ್ಟಣ ನಿಮ್ಮ ಹೆಗಲ ಚೀಲದಲ್ಲೇ ಇರಲಿ. ಸಾಮಾನಿನ ಗಾಡಿ ರಸ್ತೆ ಸುತ್ತಿ ಬರುತ್ತದೆ, ಬೇಕಾದಾಗ ಸಿಗುವುದಿಲ್ಲ. ಹೊಸ ಚಪ್ಪಲಿ ಬೇಡವೇ ಬೇಡ. ನಾವು ಆ ರಾತ್ರಿ ಬಯಲಲ್ಲೇ ಮಲಗಿದೆವು. ಅಥಣಿ ಕಡೆಯ ಒಂದು ಮನೆಯವರು ಸರಿದು ಜಾಗ ಮಾಡಿಕೊಟ್ಟರು.

ಶ್ರೀಶೈಲದಲ್ಲಿ ಭಕ್ತರೇ ಲಿಂಗ ಮುಟ್ಟಿ, ಹಣೆ ಇಟ್ಟು ನಮಸ್ಕರಿಸುವ ಪದ್ಧತಿ ಇದೆ. ನಮಗೆ ನೂಕುನುಗ್ಗಲಿನಲ್ಲಿ ಅದು ಸಿಗಲಿಲ್ಲ, ದೂರದಿಂದಲೇ ಕೈ ಮುಗಿದೆವು. ಅದಕ್ಕಿಂತ ಭ್ರಮರಾಂಬೆಯ ಸಾಲು ನನಗೆ ಇಷ್ಟವಾಯಿತು. ಬಿಸಿಲಿಗೆ ಕರ್ರಗಾದ ಗಂಡಸರು ಪ್ಲಾಸ್ಟಿಕ್ ಕವರಿನಲ್ಲಿ ಸೀರೆ ಹಿಡಿದುಕೊಂಡು, ಮಡಿಕೆ ಕೆಡದ ಹಾಗೆ ಎದೆಗೆ ಒತ್ತಿಕೊಂಡು ನಿಂತಿದ್ದರು. "ಅಂಚು ನಾನ ಆರಿಸೀನಿ" ಎಂದು ಒಬ್ಬರು ಪಕ್ಕದವರಿಗೆ ತೋರಿಸುತ್ತಿದ್ದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅದೇ ಪ್ರಶ್ನೆಯನ್ನು ಮಾವನಿಗೂ ಕೇಳಿದೆ. ಮಾವನ ಹೆಂಡತಿ, ನಮ್ಮ ಅತ್ತಿ, ಅವರಿಗೆ ಸಂಧಿವಾತ. ರಾತ್ರಿ ಕಾಲು ನೋವೆಂದು ನಿದ್ದೆ ಮಾಡುವುದಿಲ್ಲ. ಅದು ಮಾವನಿಗೂ ಗೊತ್ತು, ನನಗೂ ಗೊತ್ತು.

"ದೇವರ ಕೆಲಸಕ್ಕೂ ಮನಿ ಕೆಲಸಕ್ಕೂ ಗಂಟು ಹಾಕಬ್ಯಾಡವಾ" ಅಂದರು ಮಾವ. ಖಡಕ್ಕಾಗಿಯೇ ಅಂದರು. ನಾನು ಬಿಡಲಿಲ್ಲ. ಗಂಟು ಹಾಕಲೇಬೇಕು ಎಂದು ಕರ್ನೂಲು ಬರುವ ತನಕ ವಾದ ಮಾಡಿದೆ. ಆಮೇಲೆ ಅವರು ಕಿಟಕಿಯ ಕಡೆ ತಿರುಗಿ ಮಲಗಿದರು.

ಮುಂದಿನ ಯುಗಾದಿಗೆ ಅತ್ತಿಯನ್ನೂ ಕರಕೊಂಡು ಹೋಗೋಣ, ನಡೆಯುವುದು ಬೇಡ, ಆತ್ಮಕೂರಿನ ಶಾಮಿಯಾನದ ತನಕ ಗಾಡಿಯಲ್ಲೇ ಸಾಕು ಎಂದು ಊರಿಗೆ ಬಂದ ದಿನವೇ ಹೇಳಿದ್ದೇನೆ. ಅತ್ತಿ ಹೂಂ ಅಂದಿದ್ದಾರೆ. ಮಾವ ಇನ್ನೂ ಏನೂ ಹೇಳಿಲ್ಲ.